ಅಳತೆ ಬ್ಲೌಸು

ಮರುದಿನ ಬೆಳಿಗ್ಗೆಯೇ ಚಿತ್ರೀಕರಣ. ಮಾಡೆಲ್ ಮಲ್ಲೇಶಿಗೆ ಸೀರೆ ಸಿದ್ಧವಿತ್ತು, ಬ್ಲೌಸ್ ಇರಲಿಲ್ಲ. ಇಬ್ಬರು ಟೈಲರುಗಳು ಅವನ ಹುರಿಮೀಸೆ ನೋಡಿ ನಕ್ಕು ಕಳಿಸಿದ ಮೇಲೆ, ನಿರ್ದೇಶಕ ಅವನನ್ನು ಎಳೆದುಕೊಂಡು ನಾಮದೇವರಾಯರ ಲೇಡೀಸ್ ಟೈಲರ್ ಅಂಗಡಿ ಹತ್ತಿದ.

“ಗಂಡು, ಹೆಣ್ಣು ಅನ್ನೋದೆಲ್ಲ ನೋಡೋರ ಕಣ್ಣಲ್ಲಿರುತ್ತೆ ರಾಯರೇ. ನಮ್ಮ ಫ್ಯಾಷನ್ ಫಿಲ್ಮ್ ಹೇಳೋದೇ ಅದನ್ನ.”

“ಹೇಳ್ರಿ, ಬ್ಯಾಡ ಅಂದವರು ಯಾರು? ಅಳತಿ ಬ್ಲೌಸ್ ಕೊಡ್ರಿ.”

“ಅಳತೆ ಬ್ಲೌಸಾ? ಟೇಪ್ ಹಿಡಿದು ತಗೊಳ್ಳಿ.”

“ನಲವತ್ತು ವರ್ಷದಾಗ ಬ್ಲೌಸ್ ಹೊಲಿಸೋರ ಮೈಗೆ ಟೇಪ್ ಹಚ್ಚಿಲ್ಲರಿ. ಹಳೇದು ತಂದರ ಹೊಲಿತೀನಿ, ಇಲ್ಲಂದ್ರ ಇಲ್ಲ.”

“ಅಯ್ಯೋ, ಇವನು ಗಂಡಸು ಕಣ್ರೀ!”

ರಾಯರು ಕನ್ನಡಕದ ಮೇಲಿಂದ ನೋಡಿದರು. “ಈಗಷ್ಟ ನೋಡೋರ ಕಣ್ಣಾಗ ಐತಿ ಅಂದ್ರಿ?”

ನಿರ್ದೇಶಕ ಹಣೆ ಚಚ್ಚಿಕೊಂಡ. ಈ ಬಾಗಿಲೂ ಮುಚ್ಚಿದರೆ ಆರು ತಿಂಗಳ ಕನಸು ನಾಳೆ ಮಣ್ಣುಪಾಲು. “ಇವನು ಜನ್ಮದಲ್ಲಿ ಸೀರೆ ಉಟ್ಟೋನಲ್ಲ. ಮೊದಲ ಸಲ ಉಟ್ಟಾಗ ಮುಖದಲ್ಲಿ ಕಾಣೋ ಕಸಿವಿಸಿ ಇದೆಯಲ್ಲ, ನನ್ನ ಇಡೀ ಫಿಲ್ಮ್ ಅದರ ಮೇಲೇ ನಿಂತಿದೆ! ಇಂಥೋನ ಹತ್ರ ಹಳೇ ಬ್ಲೌಸ್ ಎಲ್ಲಿಂದ ಬರಬೇಕು?”

ಪಕ್ಕದಲ್ಲಿದ್ದ ಮಲ್ಲೇಶಿ ತನ್ನ ಬ್ಯಾಗಿನ ಜಿಪ್ ಎಳೆದ. ನೀಟಾಗಿ ಮಡಿಸಿಟ್ಟಿದ್ದ ಬ್ಲೌಸೊಂದನ್ನು ತೆಗೆದು ರಾಯರ ಮುಂದಿಟ್ಟ.

“ಜಿಮ್ಮಿಗೆ ಹೋಗಾಕ ಹತ್ತಿದ ಮ್ಯಾಲೆ ತೋಳು ಬಿಗಿ ಆಗೇತ್ರಿ,” ಎಂದ. “ಅಲ್ಲಷ್ಟ ಅರ್ಧ ಇಂಚು ಸಡ್ಲ ಬಿಡ್ರಿ.”