ಸ್ಕಿಮ್ಮರ್ ಹಡಗಿನಲ್ಲಿ ತೀರಿಕೊಂಡವನು

ಸ್ಕಿಮ್ಮರ್ ಹಡಗನ್ನು ಒಡೆಯುವವರ ಕೈಗೆ ಒಪ್ಪಿಸಲು ಎರಡೇ ದಿನ ಉಳಿದಿದ್ದಾಗ ಅದನ್ನು ಹುಡುಕಿಕೊಂಡು ರೊಸೈತ್ ಬಂದರಿಗೆ ಒಬ್ಬ ಹೆಂಗಸು ಬಂದಳು. ಒಂದು ಕಾಲಕ್ಕೆ ನೂರಿಪ್ಪತ್ತು ಜನರಿದ್ದ ಆ ಡೆಸ್ಟ್ರಾಯರ್ ಯುದ್ಧನೌಕೆಯಲ್ಲಿ ಈಗ ಕಾವಲಿಗಿದ್ದವನು ಡಂಕನ್ ಮೋವಟ್ ಒಬ್ಬನೇ. ನೀರಿಗಿಳಿದ ದಿನದಿಂದ ಅದರ ಬಾಯ್ಲರ್ ನೋಡಿಕೊಂಡಿದ್ದವನು.

"ನೋಡೋಕೇನೂ ಉಳಿದಿಲ್ಲ ತಾಯಿ, ತೋಪುಗಳನ್ನೂ ಕಿತ್ಕೊಂಡು ಹೋದ್ರು," ಎಂದ. "ನಾನೊಬ್ಬ ಇದೀನಿ, ನನ್ನ ಯಾರೂ ಕೇಳ್ಲಿಲ್ಲ."

ಅವಳು ನಗಲಿಲ್ಲ. ಹೆಸರು ಲಿಡಿಯಾ ಪಾವ್ಲೊವ್ನಾ, ರಷ್ಯಾದವಳು, ಎಡಿನ್‌ಬರೋದಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಕೈಚೀಲದಿಂದ ಒಂದು ಕಾಗದ ತೆಗೆದಳು. ನೌಕಾ ಕಚೇರಿಯವರು ಕಳಿಸಿದ್ದ ಹಡಗಿನ ಸೇವಾ ವಿವರ. ಹನ್ನೆರಡು ವರ್ಷ ಅರ್ಧ ಪುಟದಲ್ಲಿ ಮುಗಿದಿತ್ತು: ಬಾಲ್ಟಿಕ್, ಕಪ್ಪು ಸಮುದ್ರ, ಮಾಲ್ಟಾ, ಮತ್ತೆ ಮಾಲ್ಟಾ, ಆಮೇಲೆ ಇಲ್ಲಿ ಲಂಗರು. ಅವಳ ಬೆರಳು ಒಂದು ಕಡೆ ನಿಂತಿತು. "ಮಾರ್ಚ್ 1920. ರಷ್ಯಾದ ನೊವೊರೊಸಿಸ್ಕ್‌ನಿಂದ ನಿರಾಶ್ರಿತರನ್ನು ಸಾಗಿಸಲಾಯಿತು. ದಾರಿಯಲ್ಲಿ ಹೆಸರು ತಿಳಿಯದ ಒಬ್ಬ ಗಂಡಸು ಮೃತ. ಸಮುದ್ರಕ್ಕೆ ಒಪ್ಪಿಸಲಾಯಿತು."

"ಕೆಂಪು ಸೇನೆ ಊರೊಳಗೆ ಬಂದ್ಬಿಟ್ಟಿತ್ತು. ನೂಕುನುಗ್ಗಲಲ್ಲಿ ಅಪ್ಪನ ಕೈ ತಪ್ಪೋಯ್ತು, ನನ್ನ ಬೇರೆ ಹಡಗಿಗೆ ಎಳ್ಕೊಂಡ್ರು. ಈ ಹಡಗಿನ ಏಣಿ ಹತ್ರ ಅಪ್ಪ ನಿಂತಿದ್ದನ್ನ ನೋಡ್ದೆ, ಅಷ್ಟೇ. ಆವತ್ತು ನೀವಿದ್ರಾ?"

"ಇದ್ದೆ. ನನ್ನ ಮಗ್ಗುಲಲ್ಲೇ ಹೋಯ್ತು ಆ ಜೀವ. ಬೆಚ್ಚಗಿರತ್ತೆ ಅಂತ ಬಾಯ್ಲರ್ ಕೋಣೇಲಿ ಮಲಗಿಸಿದ್ವಿ."

"ಎತ್ತರಕ್ಕಿದ್ರಾ? ಬಿಳಿ ಗಡ್ಡ?"

"ಹೌದು."

"ಎಡಗೈಯಲ್ಲಿ ಎರಡು ಬೆರಳು ಇರ್ಲಿಲ್ಲ, ಅಲ್ವಾ?"

ಆ ಕೈಗಳನ್ನು ಎದೆಯ ಮೇಲೆ ಮಡಚಿ ಕಟ್ಟಿದವನು ಮೋವಟ್. ಹತ್ತು ಬೆರಳೂ ಇದ್ದವು. ಹೌದು ಎಂದುಬಿಟ್ಟರೆ ಇವಳ ಹನ್ನೊಂದು ವರ್ಷದ ಅಲೆದಾಟ ಇಲ್ಲಿಗೇ ಮುಗಿಯುತ್ತದೆ. ಸುಳ್ಳು ಎನ್ನಲು ಹಡಗಿನಲ್ಲಿ ಇನ್ನೊಬ್ಬರಿಲ್ಲ. ಅವಳು ಅವನ ಬಾಯನ್ನೇ ನೋಡುತ್ತಿದ್ದಳು.

"ಇಲ್ಲ ತಾಯಿ," ಎಂದ ಕೊನೆಗೆ. "ಅವ್ರು ನಿಮ್ಮಪ್ಪ ಅಲ್ಲ."

ಅವಳು ಹಗ್ಗ ಬಿಗಿಯುವ ಕಬ್ಬಿಣದ ಗೂಟದ ಮೇಲೆ ಕುಸಿದು ಕೂತಳು. ಅಳಲಿಲ್ಲ. ಮೋವಟ್ ಒಳಗೆ ಹೋಗಿ ಟೀ ಮಾಡಿ ತಂದುಕೊಟ್ಟ. ಅದು ಅವಳ ಕೈಯಲ್ಲೇ ಆರಿತು.

"ಆ ಮನುಷ್ಯನ್ನ ಕೇಳ್ಕೊಂಡು ಯಾರಾದ್ರೂ ಬಂದಿದ್ರಾ?"

"ಇಲ್ಲ. ನೀವೇ ಮೊದಲು."

ಆಗ ಅವಳು ಕೈಚೀಲದಿಂದ ಒಂದು ಪುಟ್ಟ ಪುಸ್ತಕ ತೆಗೆದಳು. ಪ್ರಾರ್ಥನೆಯಲ್ಲಿ ನೆನೆಯಬೇಕಾದವರ ಹೆಸರುಗಳು ಅದರಲ್ಲಿದ್ದವು. ಎಡಗಡೆಯ ಪುಟ ತೀರಿಕೊಂಡವರಿಗೆ, ಅಂಚಿನವರೆಗೂ ತುಂಬಿತ್ತು. ಅಲ್ಲೇ ಒಂದಿಷ್ಟು ಜಾಗ ಮಾಡಿಕೊಂಡು 'ಸ್ಕಿಮ್ಮರ್ ಹಡಗಿನಲ್ಲಿ ಹೋದವರು' ಎಂದು ಸಣ್ಣಗೆ ಬರೆದಳು. ಬಲಗಡೆಯ ಪುಟದಲ್ಲಿ ಒಂದೇ ಒಂದು ಹೆಸರಿತ್ತು.

"ಈ ಪುಟ ಯಾರ್ದು?" ಎಂದು ಮೋವಟ್ ಕೇಳಿದ.

"ಬದುಕಿರೋರದ್ದು. ಅಪ್ಪನ್ನ ಇನ್ನೂ ಇಲ್ಲೇ ಇಟ್ಟಿದೀನಿ."

ಮೋವಟ್ ಟೊಪ್ಪಿ ತೆಗೆದು ಕೈಯಲ್ಲಿ ಒಂದೆರಡು ಸಲ ತಿರುಗಿಸಿದ.

"ಕೆಳಗೆ ಜಾಗ ಇದೆಯಲ್ಲ," ಎಂದ. "ನನ್ನ ಹೆಸರು ಡಂಕನ್."