ಗುಡ್ಡದ ಮೇಲೆ ಅಪ್ಪನ ಮರ

ಎಡಗಡೆಯಿಂದ ಮೂರನೆಯ ಮರವೋ, ನಾಲ್ಕನೆಯದೋ? ಮಹೇಶನಿಗೆ ನೆನಪಾಗಲಿಲ್ಲ. ನ್ಯೂವಾರ್ಕ್ ಏರ್‌ಪೋರ್ಟಿಗೆ ಇನ್ನು ಇಪ್ಪತ್ತು ಮೈಲಿ, ಲಂಡನ್ ವಿಮಾನಕ್ಕೆ ನಾಲ್ಕು ತಾಸು. ನಾಳೆ ಈ ಹೊತ್ತಿಗೆ ಅವನ ತಾಯಿ ರುದ್ರಮ್ಮ ಇಂಗ್ಲೆಂಡಿನ ಒಂದು ಗುಡ್ಡ ಹತ್ತಿ, ಅವನು ಬೊಟ್ಟು ಮಾಡಿ ತೋರಿಸಿದ ಮರದ ಬುಡಕ್ಕೆ ಹಣೆ ಹಚ್ಚುತ್ತಾಳೆ. ಆ ಬುಡದಲ್ಲಿ ಯಾರೂ ಇಲ್ಲ. ಇದನ್ನು ಮಹೇಶ ಐದು ವರ್ಷದಿಂದ ಒಬ್ಬರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಪಕ್ಕದ ಸೀಟಿನಲ್ಲಿ ರುದ್ರಮ್ಮ ಸೀರೆಯ ಮೇಲೆ ಸ್ವೆಟರ್ ತೊಟ್ಟು ಕೂತಿದ್ದಳು.

ಐದು ವರ್ಷದ ಹಿಂದೆ, ಕೊರೊನಾ ಬಂದ ವರ್ಷದ ಮಾರ್ಚಿನಲ್ಲಿ ಗಂಡ ಹೆಂಡತಿ ಇಬ್ಬರೂ ಹುನಗುಂದದಿಂದ ಹೊರಟು ಎರಡು ದಿಕ್ಕಾಗಿದ್ದರು. ಮಗಳು ಸಿರಿಯ ಬಾಣಂತನಕ್ಕೆಂದು ರುದ್ರಮ್ಮ ಇಲ್ಲಿಗೆ, ಅಮೆರಿಕದ ಕೆಂಡಲ್ ಪಾರ್ಕಿಗೆ ಬಂದಳು. ಬಾಣಂತಿ ಮನೆಯಲ್ಲಿ ಗಂಡಸರಿಗೆ ಏನು ಕೆಲಸ ಎಂದು ಅವಳ ಗಂಡ ತಿಪ್ಪಣ್ಣ, ಆಗ ಇಂಗ್ಲೆಂಡಿನಲ್ಲಿದ್ದ ಮಗನ ಹತ್ತಿರ ಹೋದ. ತಿಂಗಳು ತುಂಬುವುದರೊಳಗೆ ಅಲ್ಲಿಯ ಆಸ್ಪತ್ರೆಯಲ್ಲಿ ಕೊರೊನಾ ಅವನನ್ನು ಒಯ್ದಿತು. ಮಹೇಶನೂ ಅದೇ ಜ್ವರದಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬನೇ ಬಿದ್ದಿದ್ದ. ವಿಮಾನಗಳು ನಿಂತುಹೋಗಿದ್ದವು.

ಇವರದು ಲಿಂಗವಂತರ ಮನೆ. ಸತ್ತವರನ್ನು ಸುಡುವುದಿಲ್ಲ, ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತಾರೆ. ತಿಪ್ಪಣ್ಣ ಮಗನಿಂದ ಜನ್ಮದಲ್ಲಿ ಬೇಡಿದ್ದು ಅದೊಂದೇ. ನನಗೆ ಮಣ್ಣು ನೀನೇ ಕೊಡಬೇಕು ಎಂದಿದ್ದ.

ಶವಸಂಸ್ಕಾರ ಮಾಡಿಸುವ ಸಾಹೇಬ ಮೊದಲ ದಿನ ಫೋನಿನಲ್ಲಿ ಒಳ್ಳೆಯ ಸುದ್ದಿಯನ್ನೇ ಹೇಳಿದ. ಊರಾಚೆ, ಕುರಿ ಮೇಯುವ ಹೊಲಗಳ ನಡುವೆ ಒಂದು ಗುಡ್ಡವಿದೆ; ಅದರ ನೆತ್ತಿಯ ಮೇಲೆ ಐವತ್ತು ಅರವತ್ತು ಮರಗಳ ಪುಟ್ಟ ಕಾಡು. ಅಲ್ಲಿ ಮರದ ಬುಡದಲ್ಲಿ ಹೂಳಲು ಬಿಡುತ್ತಾರೆ. ಮಗ ಬಂದು ನಿಂತರೆ ಸಾಕು, ಆದರೆ ಜ್ವರ ಇರುವವರು ಬರುವಂತಿಲ್ಲ. ನೂರಾ ಮೂರು ಜ್ವರವಿದ್ದ ಮಹೇಶ, ನನಗೇನೂ ಆಗಿಲ್ಲ, ಬರುತ್ತೇನೆ ಎಂದ.

ಮರುದಿನ ಅದೇ ಸಾಹೇಬ ಮತ್ತೆ ಫೋನ್ ಮಾಡಿದ. ದನಿ ಯಾಕೋ ಮೆತ್ತಗಾಗಿತ್ತು. ಹೂಳುವುದು ಆಗುವುದಿಲ್ಲ, ಸುಡುವುದೇ ಮೇಲು, ನೀವು ಬರುವುದೂ ಬೇಡ, ಫಾರ್ಮ್ ಕಳಿಸಿದ್ದೇನೆ ಎಂದ. ಯಾಕೆ ಎಂದು ಮಹೇಶ ಕೇಳಲಿಲ್ಲ. ಹಾಸಿಗೆಯಲ್ಲಿ ಮಲಗಿಕೊಂಡೇ ಫೋನಿನ ಮೇಲೆ ಬೆರಳಾಡಿಸಿ ಸಹಿ ಹಾಕಿದ. ಜಗಳವಾಡಬಹುದಿತ್ತು. ಒಂದು ಪ್ರಶ್ನೆಯನ್ನಾದರೂ ಕೇಳಬಹುದಿತ್ತು. ನಿಜ ಹೇಳಬೇಕೆಂದರೆ, ಸದ್ಯ ಏಳುವುದು ತಪ್ಪಿತಲ್ಲ ಎಂದು ಆ ಗಳಿಗೆಯಲ್ಲಿ ಅವನಿಗೆ ಹಾಯೆನಿಸಿತ್ತು. ಹೆತ್ತ ಅಪ್ಪನ ವಿಷಯದಲ್ಲಿ ಹಾಗೆನಿಸಿತಲ್ಲ ಎಂಬ ನಾಚಿಕೆ ಇವತ್ತಿಗೂ ಅವನನ್ನು ಒಳಗೊಳಗೇ ತಿನ್ನುತ್ತಿದೆ.

ಎದ್ದು ಓಡಾಡುವಂತಾದ ಮೇಲೆ ಅವನು ಆ ಗುಡ್ಡ ಹತ್ತಿ ಒಂದು ಮರದ ಫೋಟೋ ತೆಗೆದ. ಮಣ್ಣು ಕೊಟ್ಟೆ ಎಂದು ಅವ್ವನಿಗೆ ಹೇಳಿ ಅದನ್ನು ಕಳಿಸಿದ. ಬೂದಿ ಇಸಿದುಕೊಳ್ಳಲು ಹೋಗುವ ಮುಖ ಅವನಿಗಿರಲಿಲ್ಲ. ಅಲ್ಲಿಯವರೇ ತಮ್ಮ ತೋಟದಲ್ಲಿ ಎಲ್ಲೋ ಚೆಲ್ಲಿದರು.

ಸುಳ್ಳುಗಾರನ ಅದೃಷ್ಟ ಚೆನ್ನಾಗಿತ್ತು ಅನ್ನಬೇಕು. ರುದ್ರಮ್ಮ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಕೂರಿಸಿದರೋ ಮಲಗಿಸಿದರೋ, ಲಿಂಗ ಯಾರು ಇಟ್ಟರು, ಊಹೂಂ. ಫೋಟೋಗೆ ಕಟ್ಟು ಹಾಕಿಸಿ ದೇವರ ಮುಂದೆ ಇಟ್ಟಳು, ಅಷ್ಟೇ. ನೆಂಟರು ಯಾರಾದರೂ ಮಣ್ಣಿನ ಮಾತು ತೆಗೆದರೆ ಅವರ ಬಾಯಿ ಮುಚ್ಚಿಸುತ್ತಿದ್ದಳು. ಹುಡುಗ ಒಬ್ಬನೇ ಎಷ್ಟು ಕಷ್ಟಪಟ್ಟ, ಅವನನ್ನು ಕೆದಕಬೇಡಿ ಎನ್ನುತ್ತಿದ್ದಳು. ಸಿರಿಯಂತೂ ಆ ಮಾತು ಬಂದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಇವರ ನಂಬಿಕೆ ಕಂಡು ಮಹೇಶ ಇನ್ನಷ್ಟು ಕುಗ್ಗುತ್ತಿದ್ದ. ಎರಡು ವರ್ಷದ ಹಿಂದೆ ಕೆಲಸ ಬದಲಿಸಿ ಜರ್ಸಿ ಸಿಟಿಗೆ ಬಂದಮೇಲೆ ಪ್ರತಿ ಭಾನುವಾರವೂ ಅವ್ವ ಉಳಿದುಕೊಂಡಿದ್ದ ಸಿರಿಯ ಮನೆಯಲ್ಲಿ ಆ ಫೋಟೋದ ಮುಂದೆ ಕೂತೇ ಉಣ್ಣಬೇಕಾಯಿತು.

ಈ ಯುಗಾದಿ ಕಳೆದದ್ದೇ ರುದ್ರಮ್ಮ ಹಠ ಹಿಡಿದಳು. ಎಪ್ಪತ್ತೈದಾಯಿತು, ಮೊಣಕಾಲು ಇನ್ನು ಮಾತು ಕೇಳುವುದಿಲ್ಲ, ಆ ಗುಡ್ಡಕ್ಕೆ ಒಮ್ಮೆ ಕರೆದುಕೊಂಡು ಹೋಗು ಎಂದಳು. ಜೊತೆಗೆ ನೀನೊಬ್ಬನೇ ಸಾಕು. ಅಲ್ಲಿ ಕೂತು ನಾನು ಒಂದು ಮಾತು ಹೇಳುವುದಿದೆ ಎಂದೂ ಸೇರಿಸಿದಳು. ರಜೆ ಇಲ್ಲ, ಚಳಿ ಇದೆ ಎಂದು ಮಹೇಶ ಏನೇನೋ ನೆವ ತೆಗೆದ. ಒಂದೂ ನಡೆಯಲಿಲ್ಲ.

ಟರ್ನ್‌ಪೈಕ್ ಹೆದ್ದಾರಿಯ ಮೇಲೆ ವಿಮಾನಗಳು ತಗ್ಗಿ ಹಾರತೊಡಗಿದವು. ರುದ್ರಮ್ಮ ಆಗ ಬಾಯಿ ತೆರೆದಳು.

"ಗುಡ್ಡ ಭಾಳ ಎತ್ತರ ಐತೇನೋ ಮಹೇಶಾ? ಹತ್ತಾಕ ಆಗದಿದ್ರ ತೆವಳಕೋತ ಆದ್ರೂ ಹೋಗ್ತೀನಿ."

ಮಹೇಶನಿಗೆ ಅಷ್ಟೇ ಸಾಕಾಯಿತು. ಎದುರಿಗೆ ಸಿಕ್ಕ ಸರ್ವಿಸ್ ಏರಿಯಾಕ್ಕೆ ಕಾರು ತಿರುಗಿಸಿ ನಿಲ್ಲಿಸಿದ.

"ಯವ್ವಾ, ಅಲ್ಲಿ ಅಪ್ಪ ಇಲ್ಲ," ಎಂದ. "ಮಣ್ಣು ಕೊಡಲಿಲ್ಲ, ಸುಟ್ಟರು. ನಾನಽ ಸಹಿ ಹಾಕೀನಿ."

ಹೇಳಿದ್ದೇ ತಡ, ನಲವತ್ತಾರು ವರ್ಷದ ಗಂಡಸು ಸ್ಟೀರಿಂಗಿಗೆ ತಲೆ ಕೊಟ್ಟು ಬಿಕ್ಕಿ ಬಿಕ್ಕಿ ಅತ್ತ. ಅವ್ವ ಎದೆ ಒಡೆದುಕೊಳ್ಳುತ್ತಾಳೆ, ಇನ್ನು ಜನ್ಮದಲ್ಲಿ ತನ್ನ ಮುಖ ನೋಡುವುದಿಲ್ಲ ಎಂದೇ ಅವನು ಅಂದುಕೊಂಡಿದ್ದ.

ರುದ್ರಮ್ಮ ಬೈಯಲಿಲ್ಲ, ಬೆಚ್ಚಲೂ ಇಲ್ಲ. ಸೆರಗಿನಿಂದ ಅವನ ಮುಖ ಒರೆಸಿದಳು. ಎರಡನೇ ದಿನ ಆ ಸಾಹೇಬ ಹೂಳುವುದು ಬೇಡ ಎಂದಾಗ, ಯಾಕೆಂದು ನೀನು ಕೇಳಲೇ ಇಲ್ಲವೇ ಎಂದು ವಿಚಾರಿಸಿದಳು.

ಮಹೇಶ ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಮೆಲ್ಲಗೆ ತಲೆ ಎತ್ತಿದ. ಸಾಹೇಬ ಎರಡು ಸಲ ಫೋನ್ ಮಾಡಿದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಮಣ್ಣು ಅಂದಿದ್ರ ಆ ಜ್ವರದಾಗ ನೀ ಎದ್ದು ಗುಡ್ಡ ಹತ್ತತಿದ್ದಿ, ನನಗ ಇಬ್ಬರೂ ಇಲ್ಲದಂಗ ಆಗತಿತ್ತು," ಎಂದಳು ರುದ್ರಮ್ಮ. "ಸಿರಿ ಕಡೆಯಿಂದ ಆಸ್ಪತ್ರ್ಯಾಗ ನಂಬರ ಕೇಳಿಸಿ ಫೋನ್ ಹಚ್ಚಿಸಿ, ಅವರನ್ನ ಸುಟ್ಟುಬಿಡ್ರಿ, ಮಗನ ಮುಂದ ನನ್ನ ಹೆಸರು ಎತ್ತಬ್ಯಾಡ್ರಿ ಅಂತ ಆ ಸಾಹೇಬಗ ಬೇಡಿಕೊಂಡಾಕಿ ನಾನು."