ಒಂದು ಚಮಚ ಉಪ್ಪು

“ಈಗಲೇ ತೂಗು. ನಿಮ್ಮತ್ತೆ ಕಣ್ಣೆದುರಿಗೇ ತೂಗು,” ಎಂದು ಅಮ್ಮ ಉಪ್ಪಿನ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಅತ್ತೆ, ಅಪ್ಪನ ತಂಗಿ, ಮೂಗೊರೆಸಿಕೊಂಡಳು. “ನಾನೇನು ಇಲ್ಲದ್ದು ಹೇಳಿದ್ನಾ ಅತ್ತಿಗೆ? ಸಾಯೋ ಹಿಂದಿನ ವಾರ ಅಣ್ಣನೇ ಫೋನಲ್ಲಿ ಅಂದ, ‘ಈಗೀಗ ಊಟ ಬಾಯಿಗೆ ಹತ್ತುತ್ತೆ ಕಣೇ, ನಿಮ್ಮತ್ತಿಗೆಗೆ ನನ್ನ ಮೇಲೆ ಕರುಣೆ ಬಂದಿದೆ’ ಅಂತ. ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟರು ಬಾಯಿ ಬಡ್ಕೊಂಡಿದ್ರು. ಮತ್ತೆ ರುಚಿ ಎಲ್ಲಿಂದ ಬಂತು?”

“ನಿಮ್ಮಣ್ಣನಿಗೆ ನಾನು ದಿನಕ್ಕೆ ಹಾಕಿದ್ದು ಒಂದೇ ಚಮಚ. ಬೆರಳಲ್ಲಿ ಸವರಿ ಸಮ ಮಾಡಿದ ಚಮಚ. ಡಾಕ್ಟರು ನಾಲ್ಕು ಗ್ರಾಂ ಅಂದ್ರು, ಒಂದು ಚಮಚ ಅಂದ್ರೆ ನಾಲ್ಕು ಗ್ರಾಂ ಅಂತ ಇವಳೇ ತೂಗಿ ಹೇಳಿದ್ದು. ತೂಗೇ!”

ಮಗಳು ತಕ್ಕಡಿಯ ಗುಂಡಿ ಒತ್ತಿದಳು. ಔಷಧಿ ಕಾರ್ಖಾನೆಯಲ್ಲಿ ದಿನವಿಡೀ ಪುಡಿ ತೂಗುವುದೇ ಅವಳ ಕೆಲಸ. ಮಾತು ಕಮ್ಮಿ, ಲೆಕ್ಕ ಜಾಸ್ತಿ. ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಈ ಪುಟ್ಟ ತಕ್ಕಡಿ ತಂದು, ಗ್ರಾಮಿನ ಗೊಡವೆ ಅಮ್ಮನಿಗೇಕೆಂದು ಚಮಚದ ಲೆಕ್ಕ ಮಾಡಿಕೊಟ್ಟಿದ್ದಳು. “ನನ್ನ ಉಪ್ಪು ತಿಂದು ಬೆಳೆದೋಳು ಈಗ ನನಗೇ ಉಪ್ಪು ಅಳೆದು ಹಾಕಿಸ್ತಾಳೆ ನೋಡೇ,” ಎಂದು ಅಪ್ಪ ನಕ್ಕಿದ್ದ.

ಅಮ್ಮ ಚಮಚ ತುಂಬಿ, ಬೆರಳಲ್ಲಿ ಸವರಿ, ತಕ್ಕಡಿಯ ತಟ್ಟೆಗೆ ಸುರಿದಳು. ಪುಡಿಯುಪ್ಪು ಸದ್ದಿಲ್ಲದೆ ಬಿತ್ತು.

ಆರು.

ಮಗಳಿಗೆ ಮೊದಲು ಅನುಮಾನ ಬಂದದ್ದು ತಕ್ಕಡಿಯ ಮೇಲೆ. ಆಮೇಲೆ ಡಬ್ಬಿಯೊಳಗೆ ಕಣ್ಣು ಹೋಯಿತು. ಅಂದು ಅವಳು ತೂಗಿದ್ದು ಕಲ್ಲುಪ್ಪನ್ನು. ಹರಳುಗಳ ನಡುವೆ ಎಡೆ ಇರುತ್ತದೆ. ಚಮಚ ತುಂಬಿದಂತೆ ಕಂಡರೂ ನಾಲ್ಕೇ ಗ್ರಾಂ. ಬೇಗ ಕರಗೋದಿಲ್ಲ ಎಂದು ಅಮ್ಮ ಗೊಣಗಿದ್ದಕ್ಕೆ, ಎರಡು ತಿಂಗಳ ಹಿಂದೆ ಪುಡಿಯುಪ್ಪು ತಂದು ಇದೇ ಡಬ್ಬಿಗೆ ಸುರಿದವಳೂ ಅವಳೇ. ಚಮಚ ಅದೇ, ತೂಕ ಒಂದೂವರೆಪಟ್ಟು. ಕಾರ್ಖಾನೆಯಲ್ಲಿ ಪುಡಿ ಒಂದಿಷ್ಟು ನಯವಾಗಿ ಬಂದರೂ ಮತ್ತೆ ತೂಗದೆ ಮುಂದೆ ಬಿಡದವಳಿಗೆ ಮನೆಯಲ್ಲಿ ಅದು ಹೊಳೆದೇ ಇರಲಿಲ್ಲ.

“ಎಷ್ಟು ಬಂತು?” ಅತ್ತೆ ಕತ್ತು ಚಾಚಿದಳು.

ಅಮ್ಮ ಅಂಕಿಯನ್ನು ನೋಡಿದಳು. ಡಬ್ಬಿಯನ್ನು ಬಿಟ್ಟು ಕದಲದ ಮಗಳ ಕಣ್ಣನ್ನು ನೋಡಿದಳು. ಪುಡಿಯುಪ್ಪು ಮನೆಗೆ ಬಂದ ದಿನ ಅವಳಿಗೂ ನೆನಪಾಗಿರಬೇಕು. ಜಗಳಕ್ಕೆ ಬಿಗಿದಿದ್ದ ಹೆಗಲು ಇಳಿದುಹೋಯಿತು.

“ಆರು,” ಎಂದಳು ಅತ್ತೆಗೆ. “ನೀನು ಹೇಳಿದ್ದೇ ಸರಿ. ಸಪ್ಪೆ ಊಟ ಅವರ ಗಂಟಲಲ್ಲಿ ಇಳೀತಿರಲಿಲ್ಲ. ನಾನೇ ದೊಡ್ಡ ಚಮಚ ಇಟ್ಕೊಂಡೆ. ಇವಳು ತೂಗಿಕೊಟ್ಟಿದ್ದು ಚಿಕ್ಕದು. ಇವಳಿಗೆ ಗೊತ್ತಿಲ್ಲ.”

“ಮತ್ತೆ ತೂಗು ತೂಗು ಅಂತ ಯಾಕೆ ಹಾರಾಡಿದ್ರಿ?”

“ಒಪ್ಕೊಳ್ಳೋಕೆ ಧೈರ್ಯ ಬರಲಿಲ್ಲ.”

“ಅಮ್ಮಾ, ಅದು ನಾನು…”

“ನೀನು ಸುಮ್ನಿರು. ದೊಡ್ಡೋರ ಮಾತಲ್ಲಿ ಬಾಯಿ ಹಾಕಬೇಡ.”

“ಕೈಯಾರೆ ಕೊಂದ್ರಲ್ಲ ಅತ್ತಿಗೆ,” ಎಂದು ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ಗೇಟು ಬಡಿದ ಸದ್ದಿಗೂ ಅಮ್ಮ ತಿರುಗಲಿಲ್ಲ.

ಒಲೆಯ ಮೇಲೆ ಪಾತ್ರೆ ಕುದಿಯತೊಡಗಿತ್ತು. ಮಗಳು ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಅಮ್ಮ ತಕ್ಕಡಿಯನ್ನು ಆರಿಸಿ, ಡಬ್ಬಿಯನ್ನು ಅವಳ ಮುಂದೆ ಹಿಡಿದಳು.

“ಏಳು. ಇವತ್ತು ಅಡುಗೆಗೆ ಉಪ್ಪು ನೀನು ಹಾಕು. ತೂಗಬೇಡ, ಕೈಯಲ್ಲೇ ಹಾಕು.”